ಬದು ಜಗಳಕ್ಕೆ ಎಫ್‌ಐಆರ್ ಆಗಿದೆ, ಕ್ರಿಮಿನಲ್ ವಕೀಲರನ್ನು ಇಡೋದು ಹೇಗೆ?

ಪ್ರಶ್ನೆ, ತಿಪಟೂರು ತಾಲ್ಲೂಕಿನಿಂದ:

ತೋಟದ ಬದುವಿನ ವಿಚಾರಕ್ಕೆ ಪಕ್ಕದವರ ಜೊತೆ ಮಾತಿಗೆ ಮಾತು ಬೆಳೆದು ಹೊಡೆದಾಟ ಆಗಿದೆ. ಪೆಟ್ಟು ಎರಡೂ ಕಡೆ ಬಿದ್ದಿದೆ, ಆದರೆ ಮೊದಲು ಹೋಗಿ ದೂರು ಕೊಟ್ಟವರು ಅವರು. ಎಫ್‌ಐಆರ್‌ನಲ್ಲಿ ನಮ್ಮ ಅಪ್ಪ ಎ1 (ಮೊದಲ ಆರೋಪಿ), ಬೆಂಗಳೂರಲ್ಲಿ ಕೆಲಸ ಮಾಡುವ ತಮ್ಮ ಎ2. ಬಿಎನ್‌ಎಸ್ (ಹೊಸ ದಂಡ ಸಂಹಿತೆ) 115(2), 118(1), 352, 351(2), ಜೊತೆಗೆ 3(5) ಅಂತ ಹಾಕಿದ್ದಾರೆ. ಠಾಣೆಗೆ ಹಾಜರಾಗಿ ಅಂತ ನೋಟಿಸ್ ಬಂದಿದೆ. ನಮ್ಮ ಮನೆಯಲ್ಲಿ ಯಾರೂ ಕೋರ್ಟ್ ಮೆಟ್ಟಿಲು ಹತ್ತಿದವರಲ್ಲ. ಊರಿನ ವಕೀಲರೇ ಸಾಕಾ, ಬೆಂಗಳೂರಿಂದ ದೊಡ್ಡವರನ್ನು ಕರೆಸಬೇಕಾ? ಫೀಸು ಹೇಗೆ ಮಾತಾಡಬೇಕು? ಒಬ್ಬರು "ಎರಡು ಲಕ್ಷ ಕೊಡಿ, ಕೇಸೇ ಇಲ್ಲದ ಹಾಗೆ ಮಾಡ್ತೀನಿ" ಅಂದರು. ನಂಬಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಅರಸೀಕೆರೆ ಕಡೆಯ ತೆಂಗು ಬೆಳೆಗಾರ:

ಅಣ್ಣ, ನಮ್ಮದೂ ಇದೇ ಕಥೆ. ಆಗ ಐಪಿಸಿ ಇತ್ತು, 323, 324, 504, 506, 34. ನಿಮ್ಮ ಎಫ್‌ಐಆರ್‌ನಲ್ಲಿ ಇರುವುದೂ ಅವೇ, ನಂಬರ್ ಮಾತ್ರ ಹೊಸದು: ಹೊಡೆದದ್ದು, ಆಯುಧದಿಂದ ಗಾಯ, ಕೆರಳಿಸುವಂತೆ ಬೈದದ್ದು, ಬೆದರಿಕೆ, ಒಟ್ಟಿಗೆ ಸೇರಿ ಮಾಡಿದ್ದು. ಹಳ್ಳಿ ಹೊಡೆದಾಟಕ್ಕೆಲ್ಲ ಈ ಸೆಕ್ಷನ್‌ಗಳ ಸರವನ್ನೇ ಹಾಕುತ್ತಾರೆ.

ನನ್ನ ಮಾತು ಇಷ್ಟೇ. ದಿನಾ ಅದೇ ಕೋರ್ಟಲ್ಲಿ ಕ್ರಿಮಿನಲ್ ಕೇಸ್ ನಡೆಸುವವರನ್ನು ಇಡಿ. ಜಮೀನು ಕೇಸ್ ಚೆನ್ನಾಗಿ ನಡೆಸಿದರು ಅಂತ ಸಿವಿಲ್ ವಕೀಲರ ಹತ್ತಿರ ಹೋಗಬೇಡಿ. ನಮ್ಮ ಮಾವ ಅವರ ಸ್ನೇಹಿತರೊಬ್ಬರ ಹೆಸರು ಹೇಳಿದ್ದರು. ಆದರೆ ನಾನು ಸುಮ್ನೆ ಒಂದು ಬೆಳಿಗ್ಗೆ ತಾಲ್ಲೂಕು ಕೋರ್ಟ್ ಹಾಲ್‌ನಲ್ಲಿ ಹಿಂದಿನ ಬೆಂಚಿನ ಮೇಲೆ ಕೂತೆ. ಯಾರು ಸಾಕ್ಷಿಗೆ ಪ್ರಶ್ನೆ ಕೇಳುತ್ತಾರೆ, ಯಾರು ಪ್ರತಿ ಸಲ ಎದ್ದು "ಸಮಯ ಬೇಕು ಸ್ವಾಮಿ" ಅನ್ನುತ್ತಾರೆ, ಅರ್ಧ ದಿನದಲ್ಲಿ ಗೊತ್ತಾಗುತ್ತದೆ. ಯಾರು ಬೇಕಾದರೂ ಹೋಗಿ ಕೂರಬಹುದು, ಯಾರೂ ಎಬ್ಬಿಸುವುದಿಲ್ಲ.

ಹಾಗೆ ಆರಿಸಿದವರ ಆಫೀಸಿಗೆ ಹೋದೆವು. ಅಪ್ಪ ಕಥೆ ಶುರು ಮಾಡಿದರೆ, "ಯಜಮಾನರೇ, ಮೊದಲು ಎಫ್‌ಐಆರ್ ಕೊಡಿ" ಅಂದರು. ಓದಿ ಮುಗಿಸುವವರೆಗೆ ತಲೆ ಎತ್ತಲಿಲ್ಲ. ಆಮೇಲೆ ಪೆನ್ನಲ್ಲಿ ಎರಡು ಕಡೆ ಗೆರೆ ಹಾಕಿದರು. ಗಲಾಟೆ ಬೆಳಿಗ್ಗೆ ಏಳಕ್ಕೆ, ದೂರು ಸಂಜೆ ಆರಕ್ಕೆ. "ಠಾಣೆ ಎಷ್ಟು ದೂರ? ಅಷ್ಟು ಹೊತ್ತು ಎಲ್ಲಿದ್ದರು? ಆಸ್ಪತ್ರೆಗೆ ಯಾರು ಕರೆದುಕೊಂಡು ಹೋದರು? ಎಂಎಲ್‌ಸಿ ರಿಜಿಸ್ಟರ್‌ನಲ್ಲಿ (ಪೊಲೀಸ್ ಕೇಸಿನ ಗಾಯ ಬರೆಯುವ ಆಸ್ಪತ್ರೆ ಪುಸ್ತಕ) ಯಾರು ಹೊಡೆದರು ಅಂತ ಬರೆಸಿದ್ದಾರೆ?" ಆಸ್ಪತ್ರೆಯಲ್ಲಿ ಒಬ್ಬನ ಹೆಸರು, ಸಂಜೆ ಠಾಣೆಯಲ್ಲಿ ನಾಲ್ಕು ಜನರ ಹೆಸರು. ವರ್ಷಗಳ ಮೇಲೆ ಪಾಟೀಸವಾಲಿನಲ್ಲಿ ಅವರು ಹಿಡಿದದ್ದು ಇದೇ ಎಳೆ. ಕೇಸ್ ಖುಲಾಸೆ ಆಯಿತು. ಮೊದಲ ದಿನ ನಿಮಗೆ ಧೈರ್ಯ ಹೇಳುವವರಿಗಿಂತ ಹೀಗೆ ಪ್ರಶ್ನೆ ಕೇಳುವವರು ಬೇಕು.

ಇನ್ನೊಂದು, ಎದುರು ಪಾರ್ಟಿಯ ವೂಂಡ್ ಸರ್ಟಿಫಿಕೇಟ್ (ಡಾಕ್ಟರ್ ಕೊಡುವ ಗಾಯದ ಪತ್ರ) ಮೇಲೆ ಕಣ್ಣಿಡೋಕೆ ಹೇಳಿ. ಈಗ 118(1) ಇದೆ, ಅಂದರೆ ಆಯುಧದಿಂದ ಆದ ಸಾದಾ ಗಾಯ, ಜಾಸ್ತಿ ಅಂದರೆ ಮೂರು ವರ್ಷ. ಎಕ್ಸ್‌ರೇಯಲ್ಲಿ ಮೂಳೆ ಮುರಿತ ಬಂದರೆ ಅದು 118(2) ಆಗಬಹುದು. ಅದಕ್ಕೆ ಜೀವಾವಧಿವರೆಗೂ ಶಿಕ್ಷೆ ಇದೆ. ಆಗ ನಿರೀಕ್ಷಣಾ ಜಾಮೀನಿನ (ಬಂಧನಕ್ಕೆ ಮುಂಚೆಯೇ ಕೇಳುವ ಜಾಮೀನು) ಮಾತು ಬೇರೆಯೇ ಆಗುತ್ತದೆ.

ಮಂಡ್ಯದಿಂದ ಒಬ್ಬರು:

ಎರಡು ಲಕ್ಷದವರ ಕಡೆ ತಿರುಗಿಯೂ ನೋಡಬೇಡಿ. ನಮ್ಮ ಚಿಕ್ಕಪ್ಪನಿಗೂ "ಒಳಗೆ ನಮ್ಮವರಿದ್ದಾರೆ" ಅಂತ ಒಬ್ಬರು ಹೇಳಿ ದುಡ್ಡು ಇಸಿದುಕೊಂಡರು. ಆಮೇಲೆ ವಿಚಾರಿಸಿದರೆ ಅವರು ವಕೀಲರೇ ಅಲ್ಲ, ಕೋರ್ಟ್ ಕ್ಯಾಂಟೀನ್ ಹತ್ತಿರ ನಿಲ್ಲುವ ಮಧ್ಯವರ್ತಿ.

ನಿವೃತ್ತ ಕೋರ್ಟ್ ನೌಕರ, ಮೈಸೂರು:

ವಕೀಲರು ಹೌದೋ ಅಲ್ಲವೋ ತಿಳಿಯಲು ಸುಲಭ ದಾರಿ ಇದೆ. ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕೆಎಆರ್ ಅಂತ ಶುರುವಾಗಿ, ಒಂದು ನಂಬರ್, ಕೊನೆಗೆ ನೋಂದಣಿ ಆದ ವರ್ಷ ಇರುತ್ತದೆ. ವಕಾಲತ್ತಿನ (ನಮ್ಮ ಪರ ವಾದಿಸಲು ವಕೀಲರಿಗೆ ಸಹಿ ಹಾಕಿ ಕೊಡುವ ಪತ್ರ) ಮೇಲೂ ಅದು ಇರಬೇಕು. ಖಾಲಿ ವಕಾಲತ್ತಿಗೆ ಸಹಿ ಹಾಕಬೇಡಿ. ಯಾವ ಕೋರ್ಟ್, ಯಾವ ಕೇಸ್, ಯಾರ ಹೆಸರು ಅಂತ ತುಂಬಿಸಿ ಹಾಕಿ.

ಜನಕ್ಕೆ ಅರ್ಥ ಆಗದೇ ಇರುವುದು ಕೇಸ್ ಸಾಗುವ ರೀತಿ. ಜಾಮೀನು ಸಿಕ್ಕಿದ ದಿನ ಸ್ವೀಟ್ ಹಂಚಿ ಮನೆಗೆ ಹೋಗಿಬಿಡುತ್ತಾರೆ. ಕೇಸ್ ಶುರುವಾಗುವುದೇ ಆಮೇಲೆ! ಪೊಲೀಸರು ಚಾರ್ಜ್‌ಶೀಟ್ ಹಾಕಬೇಕು, ಸಿಸಿ ನಂಬರ್ (ಕೋರ್ಟಿನ ಕೇಸ್ ಸಂಖ್ಯೆ) ಬೀಳಬೇಕು, ಸಮನ್ಸ್ ಬರಬೇಕು. ಹಾಜರಾದ ಮೇಲೆ ಚಾರ್ಜ್‌ಶೀಟಿನ ಪ್ರತಿ ಆರೋಪಿಗೆ ಪುಕ್ಕಟೆ ಕೊಡಬೇಕು, ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ನಂತರ ಎಚ್‌ಬಿಸಿ, ಅಂದರೆ ಆರೋಪ ಹೊರಿಸುವ ಮುಂಚಿನ ವಾದ. ಆಮೇಲೆ ಆರೋಪ ಓದಿ ಹೇಳಿ "ಒಪ್ಪುತ್ತೀರಾ" ಅಂತ ಕೇಳುತ್ತಾರೆ. ಆಮೇಲೆ ಸಾಕ್ಷಿಗಳು. ಇಲ್ಲೇ ವರ್ಷಗಟ್ಟಲೆ ಹಿಡಿಯುವುದು. ಒಂದು ವಾಯಿದೆಗೆ ಸಾಕ್ಷಿ ಬರುವುದಿಲ್ಲ, ಇನ್ನೊಂದಕ್ಕೆ ಎಪಿಪಿ (ಸರ್ಕಾರಿ ವಕೀಲರು) ರಜೆ, ಮತ್ತೊಂದಕ್ಕೆ ನ್ಯಾಯಾಧೀಶರ ವರ್ಗಾವಣೆ. ಇದಕ್ಕೆಲ್ಲ ನಿಮ್ಮ ವಕೀಲರನ್ನು ಬೈಯಬೇಡಿ. ಸಾಕ್ಷಿ ಬಂದು ನಿಂತಿದ್ದಾಗ ಇವರೇ ಸಮಯ ಕೇಳಿದರೆ ಮಾತ್ರ ಕೇಳಿ, ಯಾಕೆ ಅಂತ.

ವಾಯಿದೆ ಯಾವಾಗ ಅಂತ ವಕೀಲರ ಫೋನನ್ನೇ ಕಾಯಬೇಕಿಲ್ಲ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಕೇಸಿಗೆ ಕೊಟ್ಟ ಸಿಎನ್‌ಆರ್ ನಂಬರ್ ಹಾಕಿದರೆ ಮುಂದಿನ ದಿನಾಂಕ, ಹಿಂದಿನ ದಿನ ಏನಾಯಿತು, ಎರಡೂ ಕಾಣುತ್ತದೆ. ನಿಮ್ಮ ತಮ್ಮ ಬೆಂಗಳೂರಲ್ಲಿ ಕೂತೇ ನೋಡಬಹುದು. ಅವರು ಪ್ರತಿ ವಾಯಿದೆಗೆ ಬರಲು ಆಗದಿದ್ದರೆ ವಕೀಲರು ಎಕ್ಸೆಂಪ್ಷನ್ ಅರ್ಜಿ ಹಾಕುತ್ತಾರೆ. ಅರ್ಜಿ ಇಲ್ಲದೆ ಗೈರಾದರೆ ವಾರಂಟ್ ಆಗುತ್ತದೆ. ನಾನು ಕಂಡ ಎನ್‌ಬಿಡಬ್ಲ್ಯೂಗಳಲ್ಲಿ (ಜಾಮೀನುರಹಿತ ವಾರಂಟ್) ಬಹಳಷ್ಟು ಓಡಿಹೋದವರ ಮೇಲಲ್ಲ, ದಿನಾಂಕ ಮರೆತವರ ಮೇಲೆ.

ಹುಬ್ಬಳ್ಳಿಯಿಂದ ಒಬ್ಬ ಅಕ್ಕ:

ಫೀಸಿಗೆ ದುಡ್ಡಿಲ್ಲದವರೂ ಇದನ್ನು ಓದುತ್ತಿರಬಹುದು ಅಂತ ಬರೆಯುತ್ತಿದ್ದೇನೆ. ನನ್ನ ತಮ್ಮ ಜೈಲಲ್ಲಿದ್ದಾಗ ನಮಗೆ ಯಾರೂ ದಿಕ್ಕಿರಲಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಆಫೀಸು ಕೋರ್ಟ್ ಆವರಣದಲ್ಲೇ ಇತ್ತು. ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟೆ, ಆಧಾರ್ ಜೆರಾಕ್ಸ್ ಕೊಟ್ಟೆ, ಅಷ್ಟೆ. ಹೆಣ್ಣುಮಕ್ಕಳು, ಮಕ್ಕಳು, ಎಸ್‌ಸಿ ಎಸ್‌ಟಿಯವರು, ಅಂಗವಿಕಲರು, ಕಸ್ಟಡಿಯಲ್ಲಿ ಇರುವವರು, ಇವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನು ಕೊಡಬೇಕು. 1987ರ ಕಾಯ್ದೆಯಲ್ಲೇ ಇದೆ ಅಂತ ಅಲ್ಲಿನ ಮೇಡಂ ಹೇಳಿದರು. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

"ಪುಕ್ಕಟೆ ವಕೀಲರು ಏನು ಮಾಡ್ತಾರೆ" ಅಂತ ನಮ್ಮ ಮಂದಿ ನಕ್ಕರು. ನಮಗೆ ಬಂದವರು ಡಿಫೆನ್ಸ್ ಕೌನ್ಸೆಲ್ ಅಂತ, ಪೂರ್ತಿ ಅದೇ ಕೆಲಸ, ಹೊರಗೆ ಬೇರೆ ಕೇಸ್ ಹಿಡಿಯುವ ಹಾಗಿಲ್ಲ. ಜೈಲಿಗೇ ಹೋಗಿ ತಮ್ಮನ ಹತ್ತಿರ ಮಾತಾಡಿದರು. ಅರವತ್ತು ದಿನ ಆದರೂ ಚಾರ್ಜ್‌ಶೀಟ್ ಬಂದಿರಲಿಲ್ಲ. ಅದನ್ನು ಎಣಿಸಿಟ್ಟುಕೊಂಡು ಮರುದಿನವೇ ಅರ್ಜಿ ಹಾಕಿ ಜಾಮೀನು ಕೊಡಿಸಿದರು. ದೊಡ್ಡ ಅಪರಾಧಗಳಿಗೆ ಈ ಗಡುವು ತೊಂಬತ್ತು ದಿನ. ಚಾರ್ಜ್‌ಶೀಟ್ ಬರುವ ಮೊದಲೇ ಅರ್ಜಿ ಹಾಕಬೇಕು, ಬಂದ ಮೇಲೆ ಈ ಹಕ್ಕು ಹೋಯಿತು. ನಿಮ್ಮ ವಕೀಲರು ಯಾರೇ ಇರಲಿ, ಒಳಗೆ ಯಾರಾದರೂ ಇದ್ದರೆ ಆ ದಿನ ಯಾವತ್ತು ಮುಗಿಯುತ್ತದೆ ಅಂತ ಕೇಳಿ ಕ್ಯಾಲೆಂಡರ್ ಮೇಲೆ ಬರೆದಿಡಿ.

ಶಿವಮೊಗ್ಗದಿಂದ, ಫೀಸಿನ ಬಗ್ಗೆ:

ನಾನು ಒಬ್ಬ ವಕೀಲರ ಕೈಯಲ್ಲಿ ಸಾಕಷ್ಟು ನೊಂದವನು, ಹೆಸರು ಬೇಡ. ಜಾಮೀನಿಗೆ ಅಂತ ಒಂದು ಮೊತ್ತ ಮಾತಾಡಿದ್ದೆವು. ಚಾರ್ಜ್‌ಶೀಟ್ ಬಂದ ಮೇಲೆ "ಅದು ಜಾಮೀನಿಗೆ ಮಾತ್ರ" ಅಂದರು. ಸರಿ, ಕೊಟ್ಟೆವು. ಆಮೇಲೆ ಪ್ರತಿ ವಾಯಿದೆಗೆ ಬೇರೆ, ಕ್ರಾಸ್ ದಿನಕ್ಕೆ ಬೇರೆ. ವಕೀಲರನ್ನು ಬದಲಾಯಿಸುತ್ತೇವೆ ಅಂದಾಗ ಫೈಲ್ ಕೊಡಲಿಲ್ಲ, ಎನ್‌ಒಸಿಯೂ (ಬೇರೆ ವಕೀಲರನ್ನು ಇಡಲು ಒಪ್ಪಿಗೆ ಪತ್ರ) ಕೊಡಲಿಲ್ಲ.

ಹೊಸ ವಕೀಲರು ಹೇಳಿದ ಮೇಲೆ ಗೊತ್ತಾಯಿತು. ಫೀಸು ಬಾಕಿ ಇದ್ದರೂ ಕಕ್ಷಿದಾರನ ಫೈಲ್ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಬಾಕಿ ಇದ್ದರೆ ವಸೂಲಿಗೆ ಅವರು ಬೇರೆ ದಾರಿ ಹಿಡಿಯಬೇಕು. ಹಳಬರ ಒಪ್ಪಿಗೆ ಸಿಗದಿದ್ದರೆ ಕೋರ್ಟಿನ ಅನುಮತಿ ಪಡೆದು ಹೊಸಬರು ವಕಾಲತ್ತು ಹಾಕಬಹುದು. ನಾನು ಗ್ರಾಹಕರ ಕೋರ್ಟಿಗೆ ಹೋಗಬೇಕು ಅಂತಿದ್ದೆ. ಆದರೆ ವಕೀಲರ ಸೇವೆ ಗ್ರಾಹಕ ಕಾಯ್ದೆಯ ಕೆಳಗೆ ಬರುವುದಿಲ್ಲ ಅಂತ 2024ರ ಮೇನಲ್ಲಿ ತೀರ್ಪಾಗಿದೆ. ಈಗ ಉಳಿದಿರುವುದು ವಕೀಲರ ಪರಿಷತ್ತಿಗೆ ದೂರು. ಅದು ನಿಧಾನದ ದಾರಿ.

ಆದ್ದರಿಂದ ಮೊದಲೇ ಕೇಳಿ: ಈ ದುಡ್ಡು ಯಾವ ಹಂತದವರೆಗೆ? ಟೈಪಿಂಗ್, ಜೆರಾಕ್ಸ್, ನಕಲು ಪ್ರತಿ ಇದರಲ್ಲೇ ಬಂತಾ? ನೀವೇ ಬರ್ತೀರಾ, ಜೂನಿಯರ್ ಬರ್ತಾರಾ? ಮಾತಾಡಿದ್ದನ್ನು ಅವತ್ತೇ ವಾಟ್ಸ್‌ಆ್ಯಪ್‌ನಲ್ಲಿ "ಸರ್, ಹೀಗೆ ಒಪ್ಪಿದ್ದೇವೆ" ಅಂತ ಕಳಿಸಿಬಿಡಿ. ದುಡ್ಡು ಯುಪಿಐನಲ್ಲಿ ಹಾಕಿ, ಲೆಕ್ಕ ತಾನೇ ಉಳಿಯುತ್ತದೆ.

ತುಮಕೂರಿನ ಒಬ್ಬ ಯುವ ವಕೀಲೆ:

ಮೇಲಿನವರ ನೋವು ಅರ್ಥ ಆಗುತ್ತದೆ. ನಮ್ಮ ಕಡೆಯದೂ ಸ್ವಲ್ಪ ಕೇಳಿ. ವಾಯಿದೆಗೆ ಇಷ್ಟು ಅಂತ ತೆಗೆದುಕೊಳ್ಳುವುದು ತಪ್ಪಲ್ಲ, ಮೊದಲೇ ಹೇಳದಿರುವುದು ತಪ್ಪು. "ಗೆದ್ದರೆ ಇಷ್ಟು ಕೊಡಿ" ಅಂತ ಮಾತಾಡುವುದಕ್ಕೂ ನಮ್ಮ ನಿಯಮಗಳಲ್ಲಿ ಅವಕಾಶ ಇಲ್ಲ. ಖುಲಾಸೆ ಗ್ಯಾರಂಟಿ ಅಂದವರು ಒಂದೋ ಚಾರ್ಜ್‌ಶೀಟ್ ಓದಿಲ್ಲ, ಇಲ್ಲ ಸುಳ್ಳು ಹೇಳುತ್ತಿದ್ದಾರೆ.

ಕಕ್ಷಿದಾರರು ಮಾಡುವ ದೊಡ್ಡ ತೊಂದರೆ ಏನು ಗೊತ್ತಾ? ನಮ್ಮ ಹತ್ತಿರವೂ ಪೊಲೀಸರಿಗೆ ಹೇಳಿದ ಕಥೆಯನ್ನೇ ಹೇಳುತ್ತಾರೆ. "ನಾವು ಅಲ್ಲಿರಲೇ ಇಲ್ಲ ಮೇಡಂ" ಅನ್ನುತ್ತಾರೆ. ಅದನ್ನೇ ನಂಬಿ ಪಾಟೀಸವಾಲು ತಯಾರು ಮಾಡಿಕೊಂಡರೆ, ಸಾಕ್ಷಿ ಕಟ್ಟೆಯಲ್ಲಿ ಮೊಬೈಲ್ ವಿಡಿಯೋ ಹೊರಬರುತ್ತದೆ. ಆದ ವಿಷಯ ನೀವು ವಕೀಲರಿಗೆ ಹೇಳಿದರೆ ಅದು ಹೊರಗೆ ಹೋಗುವುದಿಲ್ಲ. ಅದನ್ನು ಬಯಲು ಮಾಡುವಂತೆ ಇಲ್ಲ ಅಂತ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು, ಈಗ ಹೊಸದರಲ್ಲಿ ಸೆಕ್ಷನ್ 132. ಮುಂದೆ ಮಾಡಲಿರುವ ಅಪರಾಧಕ್ಕೆ ಮಾತ್ರ ಈ ರಕ್ಷಣೆ ಇಲ್ಲ. ಅದಕ್ಕೇ ನಮ್ಮ ಹತ್ತಿರ ಬಂದು "ಸಾಕ್ಷಿಗೆ ಸ್ವಲ್ಪ ಹೆದರಿಸೋಣ್ವಾ" ಅಂತ ಕೇಳಬೇಡಿ. ಜಾಮೀನು ರದ್ದಾಗುವುದು ಹೀಗೇ.

ಈಗ ತಿಪಟೂರಿನವರ ಕೇಸಿಗೆ ಬರುತ್ತೇನೆ. ನಿಮಗೆ ಬಂದಿರುವುದು ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕಾಯ್ದೆ) 35(3)ರ ನೋಟಿಸ್ ಇರಬೇಕು. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ಮನೆ ಬಂಧಿಸಬಾರದು ಅಂತ 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದ ಮೇಲೆ ಈ ನೋಟಿಸ್‌ಗೆ ಬೆಲೆ ಬಂತು. ಹೇಳಿದ ದಿನ ಹೋದರೆ, ಬಂಧಿಸಲು ಪೊಲೀಸರು ಬೇರೆ ಕಾರಣ ಬರೆದಿಡಬೇಕಾಗುತ್ತದೆ. ಹೋಗದಿದ್ದರೆ ಕಾರಣವನ್ನು ನೀವೇ ಕೊಟ್ಟ ಹಾಗೆ. ತಮ್ಮನಿಗೆ ವಾಟ್ಸ್‌ಆ್ಯಪ್‌ನಲ್ಲಿ ಮಾತ್ರ ಕಳಿಸಿದ್ದರೆ ವಕೀಲರಿಗೆ ಹೇಳಿ. ಹಾಗೆ ಕಳಿಸಿದರೆ ಸಾಲದು ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಅದನ್ನೇ ನೆಪ ಮಾಡಿಕೊಂಡು ತಪ್ಪಿಸಿಕೊಳ್ಳಬೇಡಿ ಅಂತಲೇ ನನ್ನ ಸಲಹೆ.

ಬೆಂಗಳೂರಿನ ವಕೀಲರು ಈಗ ಬೇಡ. ಬೇಕಾಗುವುದು ಹೈಕೋರ್ಟಿಗೆ ಹೋಗುವುದಾದರೆ. ಅದರಲ್ಲೂ ಒಂದು ವಿಷಯ ಇದೆ. ಊರವರು ಕೂತು ರಾಜಿ ಮಾಡಿದರೆ 115(2), 352, 351(2) ಇವನ್ನು ಕೆಳಗಿನ ಕೋರ್ಟಲ್ಲೇ ಮುಗಿಸಬಹುದು. 118(1) ಅಲ್ಲಿ ರಾಜಿಗೆ ಬರುವುದಿಲ್ಲ. ಎರಡೂ ಕಡೆಯವರು ಸೇರಿ ಹೈಕೋರ್ಟಲ್ಲಿ ಬಿಎನ್‌ಎಸ್‌ಎಸ್ 528ರ ಕೆಳಗೆ ಕೇಸ್ ರದ್ದತಿ ಅರ್ಜಿ ಹಾಕಬೇಕು. ಹಳಬರು ಇದನ್ನು ಇನ್ನೂ ಹಳೇ ಕಾಯ್ದೆಯ ನಂಬರಿನಲ್ಲಿ "482" ಅನ್ನುತ್ತಾರೆ. ಈಗ 482 ಅಂದರೆ ನಿರೀಕ್ಷಣಾ ಜಾಮೀನು, ಗೊಂದಲ ಮಾಡಿಕೊಳ್ಳಬೇಡಿ.

ನಿಮ್ಮ ಕಡೆಯೂ ಗಾಯ ಆಗಿದ್ದರೆ ನಿಮ್ಮ ದೂರೂ ದಾಖಲಾಗಲಿ. ಕೌಂಟರ್ ಕೇಸ್ ಆದರೆ ಎರಡನ್ನೂ ಒಬ್ಬರೇ ನ್ಯಾಯಾಧೀಶರು ನಡೆಸಬೇಕು. ಆದರೆ ಸುಳ್ಳು ಗಾಯ ಸೃಷ್ಟಿಸಿಕೊಂಡು ಹೋಗುವ ಕೆಲಸ ಬೇಡ, ಡಾಕ್ಟರಿಗೆ ಗೊತ್ತಾಗುತ್ತದೆ.

ಅರಸೀಕೆರೆಯವರು ಮತ್ತೆ:

ಮೇಡಂ ಹೇಳಿದ್ದು ಸರಿ, ಆದರೆ ರಾಜಿಗೆ ಅವಸರ ಬೇಡ ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ಪಂಚಾಯ್ತಿ ಕೂತು ರಾಜಿ ಅಂದರು, ಬದು ಬಿಟ್ಟುಕೊಡಿ ಅನ್ನುವ ಷರತ್ತು ಅದರೊಳಗೇ ಇತ್ತು. ಬದುವಿಗೆ ಸರ್ವೆ ಮಾಡಿಸಿ, ಹದ್ದುಬಸ್ತು (ಗಡಿ ಗುರುತಿಸುವ) ಅರ್ಜಿ ಹಾಕಿ. ಆ ಜಗಳ ಬೇರೆ, ಈ ಕೇಸ್ ಬೇರೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಲ್ಲೇ ತಾಲ್ಲೂಕು ಕೋರ್ಟಿನವರೊಬ್ಬರನ್ನು ನೋಡಿದ್ದೇವೆ. ಎಫ್‌ಐಆರ್ ಓದಿ ಅಪ್ಪನಿಗೆ ಪ್ರಶ್ನೆ ಕೇಳಿ ಬೆವರಿಳಿಸಿದರು. ಜಾಮೀನಿಗೆ ಒಂದು, ಕೇಸ್ ಮುಗಿಯುವವರೆಗೆ ಒಂದು, ಎರಡು ಕಂತು ಅಂತ ಒಪ್ಪಿದ್ದಾರೆ. ಇನ್ನೆರಡು ಅನುಮಾನ. ನೋಟಿಸ್‌ಗೆ ಠಾಣೆಗೆ ಹೋಗುವಾಗ ವಕೀಲರು ಜೊತೆಗೆ ಇರಬಹುದಾ? ಜಾಮೀನುದಾರರನ್ನು ಈಗಲೇ ಹುಡುಕಬೇಕಾ?

ತುಮಕೂರಿನ ವಕೀಲೆ:

ಹೋಗಬಹುದು. ವಿಚಾರಣೆ ಸಮಯದಲ್ಲಿ ವಕೀಲರನ್ನು ಭೇಟಿ ಮಾಡುವ ಹಕ್ಕು ಬಂಧಿತರಿಗೇ ಇದೆ, ಪೂರ್ತಿ ಹೊತ್ತು ಪಕ್ಕದಲ್ಲಿ ಕೂರುವುದಕ್ಕೆ ಮಾತ್ರ ಬಿಡದೇ ಇರಬಹುದು. ನಿಮ್ಮ ತಂದೆಗೆ ಒಂದು ಮಾತು ಹೇಳಿ. ತಮ್ಮ ವಿರುದ್ಧವೇ ಸಾಕ್ಷಿ ಹೇಳಿ ಅಂತ ಯಾರೂ ಬಲವಂತ ಮಾಡುವ ಹಾಗಿಲ್ಲ. ಓದದೆ ಯಾವುದಕ್ಕೂ ಸಹಿ, ಹೆಬ್ಬೆಟ್ಟು ಹಾಕಬಾರದು. ಹಾಜರಾದದ್ದಕ್ಕೆ ನೋಟಿಸ್ ಪ್ರತಿಯ ಮೇಲೆ ದಿನಾಂಕದ ಸಮೇತ ಸ್ವೀಕೃತಿ ಕೇಳಿ.

ಜಾಮೀನುದಾರರನ್ನು ಈಗಲೇ ನೋಡಿಟ್ಟುಕೊಳ್ಳಿ. ಸ್ವಂತ ಹೆಸರಿನ ಪಹಣಿ ಇರುವ ನಂಟರು ಒಬ್ಬರು, ಇಬ್ಬರು. ಅವರ ಆಧಾರ್, ಫೋಟೋ, ಈ ವರ್ಷದ ಪಹಣಿ. ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ದರೆ ಕೆಲಸಕ್ಕೆ ಬರುವುದಿಲ್ಲ, ಅದನ್ನು ಮೊದಲು ನೋಡಿ. ಕೋರ್ಟ್ ಗೇಟ್ ಹತ್ತಿರ ದುಡ್ಡಿಗೆ ಶ್ಯೂರಿಟಿ ನಿಲ್ಲುವವರು ಸಿಗುತ್ತಾರೆ. ಆ ಪಹಣಿ ನಕಲಿ ಅಂತ ಆದರೆ ಇನ್ನೊಂದು ಎಫ್‌ಐಆರ್ ಆಗುತ್ತದೆ, ಅದರಲ್ಲಿ ನಿಮ್ಮ ಹೆಸರೂ ಬರಬಹುದು.