"ಚಿತ್ರ ಕೃಪೆ: ಗೂಗಲ್" ಎಂದು ಬರೆದರೆ ಸಾಲದೇ?

ತೋಟದಮನೆ, ಸಾಗರ: ಸಾಗರದ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ. ವೆಬ್‌ಸೈಟಿಗೆ ಬೇಕಾದದ್ದನ್ನೆಲ್ಲ ಕೂಡಿಸಿದವಳು ನಾನೇ. ಮುಖಪುಟಕ್ಕೆ ಮಳೆಗಾಲದ ಜೋಗದ ಫೋಟೊ, ಕೆಳಗೆ ಕುವೆಂಪು ಅವರ ಒಂದು ಇಡೀ ಕವನ, ಊಟದ ಪುಟಕ್ಕೆ ಯಾವುದೋ ಬ್ಲಾಗಿನಿಂದ ಎತ್ತಿದ, ತೊಡೆದೇವು ಎಂಬ ನಮ್ಮ ಮಲೆನಾಡಿನ ಸಿಹಿತಿಂಡಿ ಮಾಡುವ ವಿಧಾನ. ಮೊನ್ನೆ ಫೋಟೊ ತೆಗೆದವರಿಂದ ಇಮೇಲ್ ಬಂದಿದೆ: ಚಿತ್ರ ಅಳಿಸಿ, ಬಳಸಿದ್ದಕ್ಕೆ ಹಣ ಕೊಡಿ ಎಂದು. "ಚಿತ್ರ ಕೃಪೆ: ಗೂಗಲ್" ಎಂದು ಎದ್ದು ಕಾಣುವಂತೆ ಹಾಕಿದ್ದೆ. ಕದ್ದವರು ಹಾಗೆ ಬರೆಯುತ್ತಾರೆಯೇ? ಫೋಟೊದ ಮೇಲೆ ಯಾರ ಹೆಸರೂ ಇರಲಿಲ್ಲ. ಜೋಗವೇನು ಅವರ ಮನೆಯ ಆಸ್ತಿಯೇ?

ಮಳೆಕ್ಯಾಮೆರಾ, ಶಿವಮೊಗ್ಗ: ಜೋಗ ಯಾರ ಆಸ್ತಿಯೂ ಅಲ್ಲ ಮೇಡಂ, ಆ ಫೋಟೊ ಮಾತ್ರ ತೆಗೆದವರದ್ದು. ಗೂಗಲ್ ಕೊಡೆ ಹಿಡಿದು ಅಲ್ಲಿ ನಿಂತಿರಲಿಲ್ಲ. ಕಳೆದ ಜುಲೈಯಲ್ಲಿ ನಾನೂ ಅಲ್ಲಿ ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬೆಳಗಿನಿಂದ ಸಂಜೆ ನಾಲ್ಕರವರೆಗೆ ಕಾದಿದ್ದೇನೆ. ಮಂಜು ಸರಿದು ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಟ್ಟಿಗೆ ಕಂಡದ್ದು ಎರಡೇ ನಿಮಿಷ. ಅಷ್ಟರಲ್ಲಿ ಲೆನ್ಸಿನ ಮೇಲೆ ಹನಿ! ನಮ್ಮ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ಹಕ್ಕಿಗೆ ನೋಂದಣಿಯೂ ಬೇಕಿಲ್ಲ, ಫೋಟೊದ ಮೇಲೆ ಹೆಸರೂ ಬೇಕಿಲ್ಲ. ಇವತ್ತೇ ಅಳಿಸಿ, ಅವರಿಗೆ ಉತ್ತರ ಬರೆಯಿರಿ. ಸುಮ್ಮನಿದ್ದರೆ ಸಿಟ್ಟು ಏರುತ್ತದೆ; ನನಗಾದರೂ ಏರುತ್ತದೆ.

ಜಾಲಗಾರ, ತೀರ್ಥಹಳ್ಳಿ: ಅಕ್ಕಾ, ವೆಬ್‌ಸೈಟ್ ಮಾಡಿಕೊಡುವುದು ನನ್ನ ಕಸುಬು. ಫೋಟೊಗಿಂತ ನನಗೆ ಕವನದ್ದೇ ಚಿಂತೆ. ನಮ್ಮಲ್ಲಿ ಕವಿ ತೀರಿಕೊಂಡ ಮರುವರ್ಷದ ಮೊದಲಿನಿಂದ 60 ವರ್ಷ ಹಕ್ಕು ಉಳಿಯುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅಂದರೆ 2054 ಮುಗಿಯುವವರೆಗೆ ಹಕ್ಕುದಾರರನ್ನು ಕೇಳಲೇಬೇಕು. ಕವನ ವಿಮರ್ಶಿಸುತ್ತ ಒಂದೆರಡು ಸಾಲು ಉದ್ಧರಿಸುವುದು ಬೇರೆ, ಕೋಣೆ ಬಾಡಿಗೆಯ ಪುಟಕ್ಕೆ ಇಡೀ ಕವನ ಹಚ್ಚುವುದು ಬೇರೆ. ಚಿತ್ರಕ್ಕೆ ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರಗಳ ಜಾಲತಾಣ ನೋಡಿ. ಅಲ್ಲಿಯೂ ಚಿತ್ರದ ಪುಟ ಓದಿ, ಕೇಳಿದ್ದರೆ ತೆಗೆದವರ ಹೆಸರು, ಪರವಾನಗಿಯ ಹೆಸರು, ಕೊಂಡಿ ಮೂರನ್ನೂ ಕೊಡಿ. ಬೇರೆ ಕಡೆ "ವಾಣಿಜ್ಯ ಬಳಕೆಗಲ್ಲ" ಎಂದಿದ್ದರೆ ಮುಟ್ಟಬೇಡಿ, ಹೋಂಸ್ಟೇ ವ್ಯಾಪಾರವೇ.

ಮಳೆಕ್ಯಾಮೆರಾ, ಶಿವಮೊಗ್ಗ: ಹಣ ಕೊಟ್ಟು ಫೋಟೊ ತೆಗೆಸಿದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಹಕ್ಕು ತೆಗೆಸಿದವರದ್ದು. ಆದರೂ ಒಂದು ಸಾಲು ಬರೆಸಿಕೊಳ್ಳಿ. (ನನ್ನನ್ನು ಕರೆಯಿರಿ ಎಂದು ಹೇಳುತ್ತಿಲ್ಲ!)

ತೋಟದಮನೆ, ಸಾಗರ: ಫೋಟೊ, ಕವನ ಎರಡನ್ನೂ ಅಳಿಸಿದೆ. ಫೋಟೊ ತೆಗೆದವರಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. ಬಳಸಿದ ಮೂರು ತಿಂಗಳಿಗೆ ಒಂದು ಮೊತ್ತ ಕೇಳಿದರು. ಚೌಕಾಸಿ ಮಾಡಲು ಬಾಯಿ ಬರಲಿಲ್ಲ, ಕೊಟ್ಟೆ. ತೊಡೆದೇವಿನ ಪುಟ ಏನು ಮಾಡಲಿ?

ಜಾಲಗಾರ, ತೀರ್ಥಹಳ್ಳಿ: ತೊಡೆದೇವು ಮಾಡುವ ಕ್ರಮ ಯಾರ ಸ್ವತ್ತೂ ಅಲ್ಲ, ಆ ಬ್ಲಾಗಿನವರ ವಾಕ್ಯಗಳು ಅವರದ್ದು. ನಿಮ್ಮ ಮನೆಯಲ್ಲಿ ಮಾಡುವುದನ್ನು ನೋಡಿ ನೀವೇ ಬರೆಯಿರಿ. ಪದ ತಿರುವಿ ಹಾಕುವ ಕಳ್ಳಾಟ ಬೇಡ.

ತೋಟದಮನೆ, ಸಾಗರ: ನಿನ್ನೆ ಅತ್ತೆಯ ಪಕ್ಕದಲ್ಲಿ ಕುಳಿತು ಬರೆದುಕೊಂಡೆ. ಮಗುಚಿದ ಮಡಕೆ, ಕಬ್ಬಿನ ಹಾಲು ಬೆರೆಸಿದ ತೆಳು ಹಿಟ್ಟು, ಅದರಲ್ಲಿ ಬಟ್ಟೆ ಅದ್ದಿ ಮಡಕೆಯ ಮೇಲೆ ಒಂದೇ ಎಳೆತಕ್ಕೆ ಬಳಿಯುವುದು. ಆ ಬ್ಲಾಗಿನಲ್ಲಿ ಬಟ್ಟೆಯ ಮಾತೇ ಇರಲಿಲ್ಲ! ಮೊಬೈಲಿನಲ್ಲಿ ಫೋಟೊವನ್ನೂ ತೆಗೆದೆ. ವೆಬ್‌ಸೈಟಿಗೆ ಹಾಕಲೇ ಎಂದು ಕೇಳಿದ್ದಕ್ಕೆ ಅತ್ತೆ, "ಕೈ ಮಾತ್ರ ಹಾಕು, ಮುಖ ಬೇಡ" ಎಂದರು.