ಕೈಮೀಟರ್ ಒಂದು ಹೇಳುತ್ತೆ, ಕ್ಯಾಮೆರಾ ಇನ್ನೊಂದು: ಯಾವುದನ್ನು ನಂಬೋದು?

ಪ್ರಶ್ನೆ: ಕೈಯಲ್ಲಿ ಹಿಡಿಯೋ ಲೈಟ್ ಮೀಟರ್ ಹೊಸದಾಗಿ ತಗೊಂಡಿದೀನಿ. ಬಿಳಿ ಗೋಡೆ ಮುಂದೆ ಬಿಳಿ ಬಟ್ಟೆಯವರನ್ನು ನಿಲ್ಲಿಸಿದರೆ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8ಕ್ಕೆ ಕ್ಯಾಮೆರಾ 1/500 ಸೆಕೆಂಡ್ ಶಟರ್ ಅನ್ನುತ್ತೆ, ಮೀಟರ್ 1/125 ಅನ್ನುತ್ತೆ. ಕಪ್ಪು ಕೋಟು, ಕಪ್ಪು ಪರದೆ ಇದ್ದರೆ ಪೂರ್ತಿ ಉಲ್ಟಾ. ಮೀಟರ್ ಕೆಟ್ಟಿದೆಯಾ? ಫ್ಲ್ಯಾಷ್ ಜೊತೆ ಬಳಸೋದು ಹೇಗೆ? ಬಳಸಿ ಗೊತ್ತಿರೋರು ದಯವಿಟ್ಟು ಹೇಳಿ.

ಉತ್ತರ 1: ಎರಡೂ ಸರಿಯಾಗೇ ಇವೆ, ಅಳೆಯುತ್ತಿರುವುದು ಬೇರೆ ಬೇರೆ ಬೆಳಕನ್ನು. ಕ್ಯಾಮೆರಾ ನೋಡುವುದು ವಸ್ತುವಿಗೆ ತಾಗಿ ವಾಪಸ್ ಬಂದ ಬೆಳಕು. ಎದುರಿಗೆ ಏನಿದ್ದರೂ ಅದನ್ನು ನಡುಬೂದು ಅಂದುಕೊಳ್ಳುತ್ತದೆ. ಬಿಳಿ ಬಟ್ಟೆ ನಡುಬೂದಿಗಿಂತ ಸುಮಾರು ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ಹೆಚ್ಚು ಬೆಳಕು ಚಿಮ್ಮಿಸುತ್ತದೆ. 1/500ಕ್ಕೂ 1/125ಕ್ಕೂ ಇರುವ ಅಂತರ ಅಷ್ಟೇ, ಎರಡು ಸ್ಟಾಪ್. ಕ್ಯಾಮೆರಾ ಮಾತು ಕೇಳಿದರೆ ಬಿಳಿ ಬಟ್ಟೆ ಮಾಸಿದ ಬಟ್ಟೆಯಾಗುತ್ತದೆ, ಕಪ್ಪು ಕೋಟು ಬೂದಿ ಬಳಿದಂತಾಗುತ್ತದೆ. ಕೈಮೀಟರಿನ ಬಿಳಿ ಗುಮ್ಮಟ, ಅಂದರೆ ಡೋಮ್, ಬಂದು ಬೀಳುತ್ತಿರುವ ಬೆಳಕನ್ನಷ್ಟೇ ಅಳೆಯುತ್ತದೆ. ಬಟ್ಟೆಯ ಬಣ್ಣದ ಗೊಡವೆ ಅದಕ್ಕಿಲ್ಲ.

ಮೀಟರನ್ನು ಆ ವ್ಯಕ್ತಿಯ ಗಲ್ಲದ ಹತ್ತಿರ ಹಿಡಿದು, ಡೋಮನ್ನು ಲೆನ್ಸಿನ ಕಡೆಗೆ ತಿರುಗಿಸಿ. ಲೈಟಿನ ಕಡೆಗಲ್ಲ. ನಿಮ್ಮ ಮೈ ನೆರಳು ಡೋಮಿನ ಮೇಲೆ ಬೀಳದಂತೆ ಪಕ್ಕಕ್ಕೆ ಸರಿದು ಕೈ ಚಾಚಿ. ತಪ್ಪು ರೀಡಿಂಗಿನಲ್ಲಿ ಅರ್ಧಕ್ಕರ್ಧ ಇಲ್ಲೇ ಹುಟ್ಟೋದು ಅಂತ ನನ್ನ ಅನಿಸಿಕೆ.

ಉತ್ತರ 2: ಮೇಲಿನವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ‘ಲೈಟಿನ ಕಡೆಗಲ್ಲ’ ಅನ್ನೋದು ಕೊನೆಯ ರೀಡಿಂಗಿಗೆ ಸರಿ. ಲೈಟುಗಳ ಅನುಪಾತ ನೋಡುವಾಗ ಡೋಮನ್ನು ಒಳಗೆ ಇಳಿಸಿ, ಒಂದೊಂದೇ ಲೈಟ್ ಹಚ್ಚಿ, ಅದರ ಕಡೆಗೇ ತೋರಿಸಿ. ಮುಖ್ಯ ಲೈಟ್ ಎಫ್/8, ಫಿಲ್ ಲೈಟ್ (ನೆರಳು ತುಂಬುವ ಲೈಟ್) ಎಫ್/4 ಬಂದರೆ ಎರಡು ಸ್ಟಾಪ್ ಅಂತರ, ಅಂದರೆ 4:1. ಮುಖದ ಒಂದು ಬದಿ ಚೆನ್ನಾಗಿ ಗಾಢವಾಗುತ್ತೆ. ಮೃದುವಾಗಿ ಬೇಕಿದ್ದರೆ ಫಿಲ್ ಅನ್ನು ಎಫ್/5.6ಕ್ಕೆ ಏರಿಸಿ. ಆಮೇಲೆ ಎಲ್ಲಾ ಹಚ್ಚಿ, ಡೋಮ್ ಮೇಲೆತ್ತಿ, ಲೆನ್ಸಿನ ಕಡೆ ಹಿಡಿದು ಅಂತಿಮ ರೀಡಿಂಗ್. ಕೂದಲಿನ ಹಿಂದಿನ ಲೈಟ್ ಇದರಲ್ಲಿ ಸರಿಯಾಗಿ ಸಿಗಲ್ಲ. ಅದನ್ನು ಬೇರೆಯಾಗೇ ಅಳೆಯಬೇಕು.

ಉತ್ತರ 3: ಮೀಟರ್ ಮೇಲೆ ಸಂಶಯ ಇದ್ದರೆ ಗ್ರೇ ಕಾರ್ಡಿನಿಂದ (ಬಿದ್ದ ಬೆಳಕಿನ 18% ವಾಪಸ್ ಕಳಿಸುವ ನಡುಬೂದು ಕಾರ್ಡ್) ಪರೀಕ್ಷಿಸಿ. ಏಕರೂಪದ ನೆರಳಿನಲ್ಲಿ ಕಾರ್ಡ್ ನಿಲ್ಲಿಸಿ, ಹೊಳಪು ಹೊಡೆಯದಂತೆ ತುಸು ಓರೆ ಮಾಡಿ. ಡೋಮಿನಿಂದ ಅಳೆದು, ಕ್ಯಾಮೆರಾವನ್ನು ಪೂರ್ತಿ ಮ್ಯಾನುಯಲ್‌ನಲ್ಲಿಟ್ಟು ಎಫ್/5.6 ಅಥವಾ ಎಫ್/8ರಲ್ಲಿ ತಲಾ ಮೂರನೇ ಒಂದು ಸ್ಟಾಪಿನ ಅಂತರದಲ್ಲಿ ಐದು ಚಿತ್ರ ತೆಗೆದು, ಕಾರ್ಡ್ ನಡುಬೂದಾಗಿ ಕಾಣುವುದು ಯಾವುದರಲ್ಲಿ ಅಂತ ನೋಡಿ. ಅಪರ್ಚರ್ ಪೂರ್ತಿ ತೆರೆದು ಈ ಪರೀಕ್ಷೆ ಬೇಡ, ಅಂಚುಗಳು ಕಪ್ಪಾಗಿ ದಾರಿ ತಪ್ಪಿಸುತ್ತವೆ.

ಕಾರ್ಡ್ 18% ಇದ್ದಮಾತ್ರಕ್ಕೆ ಎಲ್ಲ ಮೀಟರೂ 18%ಕ್ಕೇ ಹೊಂದಿಸಿರುತ್ತವೆ ಅಂದುಕೊಳ್ಳಬೇಡಿ. ಪ್ರತಿಫಲಿತ ಬೆಳಕಿನ ಮೀಟರುಗಳ ‘ಕೆ’ ಸ್ಥಿರಾಂಕ (ಮೀಟರನ್ನು ಹೊಂದಿಸಲು ಬಳಸುವ ಸಂಖ್ಯೆ) ಕೆಲವು ತಯಾರಕರಲ್ಲಿ 12.5, ಇನ್ನು ಕೆಲವರಲ್ಲಿ 14. ಇಷ್ಟರಿಂದಲೇ ಸುಮಾರು 1/6 ಸ್ಟಾಪ್ ವ್ಯತ್ಯಾಸ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕೇಳಿದವರು: ಪರೀಕ್ಷೆ ಮಾಡಿದೆ. ಪ್ರತಿ ಸಲ ಮೂರನೇ ಒಂದು ಸ್ಟಾಪ್ ಕಪ್ಪಾಗೇ ಬರ್ತಿದೆ.

ಉತ್ತರ 3: ಪ್ರತಿ ಸಲ ಅಷ್ಟೇ ಅಂದರೆ ಒಳ್ಳೆಯ ಸುದ್ದಿ, ತಿದ್ದುವುದು ಸುಲಭ. ಮೀಟರಿನಲ್ಲಿ ಐಎಸ್‌ಒ 100ರ ಬದಲು 80 ಇಡಿ, ಕ್ಯಾಮೆರಾದಲ್ಲಿ 100 ಹಾಗೇ ಇರಲಿ. ಮೀಟರಿನ ಕಾಂಪೆನ್ಸೇಷನ್‌ನಲ್ಲೂ (ತಿದ್ದುಪಡಿ ಸೆಟ್ಟಿಂಗ್) ಮಾಡಬಹುದು, ಆದರೆ ಪ್ಲಸ್ ಅಂದರೆ ಯಾವ ಕಡೆ ಅನ್ನುವುದು ಒಂದೊಂದು ಮೀಟರಿಗೆ ಒಂದೊಂದು ಥರ. ಚಿತ್ರ ಕಪ್ಪಾಗಲು ಬಹುಶಃ ಲೆನ್ಸೇ ಕಾರಣ. ಎಫ್ ಸಂಖ್ಯೆ ಬರೀ ಅಳತೆಯ ಲೆಕ್ಕ, ಗಾಜಿನೊಳಗೆ ಕಳೆದುಹೋಗುವ ಬೆಳಕು ಅದರಲ್ಲಿ ಸೇರಿಲ್ಲ. ಹತ್ತಾರು ಗಾಜುಗಳಿರುವ ಜೂಮ್‌ನಲ್ಲಿ ಇಷ್ಟು ನಷ್ಟ ಸಾಮಾನ್ಯ. ಲೆನ್ಸ್ ಬದಲಿಸಿ ಇನ್ನೊಮ್ಮೆ ನೋಡಿ.

ಉತ್ತರ 4: ಫ್ಲ್ಯಾಷ್ ವಿಷಯ ಯಾರೂ ಮುಟ್ಟಲಿಲ್ಲ. ಮೊದಲು ಟಿಟಿಎಲ್ (ಕ್ಯಾಮೆರಾವೇ ಲೆನ್ಸಿನ ಮೂಲಕ ಅಳೆದು ಫ್ಲ್ಯಾಷ್ ಹೊಂದಿಸೋ ಕ್ರಮ) ಆಫ್ ಮಾಡಿ, ಫ್ಲ್ಯಾಷನ್ನು ಮ್ಯಾನುಯಲ್‌ಗೆ ತನ್ನಿ. ಟಿಟಿಎಲ್‌ನಲ್ಲಿ ನಿಜವಾದ ಮಿಂಚಿಗೆ ಮುಂಚೆ ಒಂದು ಪುಟ್ಟ ಮಿಂಚು ಬರುತ್ತೆ, ಮೀಟರ್ ಅದನ್ನೇ ಹಿಡಿದು ಕೂರುತ್ತೆ. ಮೀಟರನ್ನು ಫ್ಲ್ಯಾಷ್ ಮೋಡಿಗೆ ಹಾಕಿ, ಕ್ಯಾಮೆರಾದಲ್ಲಿರುವ ಶಟರ್ ವೇಗವನ್ನೇ (1/125 ಅಂದುಕೊಳ್ಳಿ) ಅದರಲ್ಲೂ ಇಟ್ಟು, ಟೆಸ್ಟ್ ಬಟನ್ ಒತ್ತಿ. ಬರೋದು ಅಪರ್ಚರ್. ಸಿಂಕ್ ವೇಗದ (ಫ್ಲ್ಯಾಷ್ ಜೊತೆ ಬಳಸಬಹುದಾದ ಅತಿ ಹೆಚ್ಚಿನ ಶಟರ್ ವೇಗ) ಒಳಗೆ ಶಟರ್ ಹೆಚ್ಚುಕಮ್ಮಿ ಮಾಡಿದರೆ ಫ್ಲ್ಯಾಷ್ ಬೆಳಕು ಬದಲಾಗಲ್ಲ, ಸುತ್ತಲಿನ ಬೆಳಕು ಮಾತ್ರ ಏರಿಳಿಯುತ್ತೆ. ಹಿನ್ನೆಲೆ ಕಪ್ಪಾಯ್ತು ಅಂತ ಫ್ಲ್ಯಾಷ್ ಜಾಸ್ತಿ ಮಾಡೋರಿದ್ದಾರೆ. ಶಟರ್ ನಿಧಾನ ಮಾಡಿದ್ದರೆ ಮುಗೀತಿತ್ತು.

ಗುಂಪು ಚಿತ್ರಕ್ಕೆ ದೂರದ ಲೆಕ್ಕ ನೆನಪಿರಲಿ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ. ಲೈಟಿನಿಂದ ಮುಂದಿನ ಸಾಲು 1 ಮೀಟರ್, ಹಿಂದಿನದು 2 ಮೀಟರ್ ಇದ್ದರೆ ಎರಡು ಸ್ಟಾಪ್ ವ್ಯತ್ಯಾಸ. ಯಾವ ಅಪರ್ಚರೂ ಎರಡನ್ನೂ ಉಳಿಸಲ್ಲ. ಲೈಟನ್ನು ಹಿಂದೆ ಸರಿಸಿ 4 ಮತ್ತು 5 ಮೀಟರ್ ಮಾಡಿ, ಅಂತರ ಸುಮಾರು 2/3 ಸ್ಟಾಪಿಗೆ ಇಳಿಯುತ್ತೆ. ಅದಕ್ಕೆ ತೆರಬೇಕಾದ್ದು ಮುಂದಿನ ಸಾಲಿನಲ್ಲಿ ನಾಲ್ಕು ಸ್ಟಾಪ್, ಅಂದರೆ 16 ಪಟ್ಟು ಶಕ್ತಿ. ಚಿಕ್ಕ ಫ್ಲ್ಯಾಷಿನಲ್ಲಿ ಅಷ್ಟು ಇರಲ್ಲ, ಐಎಸ್‌ಒ ಏರಿಸಬೇಕಾಗುತ್ತೆ.

ಉತ್ತರ 5: ಡೋಮ್ ಕೈಕೊಡುವ ಜಾಗಗಳೂ ಇವೆ. ಮುಳುಗುವ ಸೂರ್ಯ, ಉರಿಯುವ ದೀಪ, ಟಿವಿ ಪರದೆ, ಬಣ್ಣದ ಗಾಜು: ತಾವೇ ಬೆಳಗುವ ಅಥವಾ ಬೆಳಕನ್ನು ತೂರಿಸುವ ವಸ್ತುಗಳಿಗೆ ಸ್ಪಾಟ್ ಮೀಟರೇ (ಒಂದು ಚಿಕ್ಕ ಜಾಗದಿಂದ ಬರುವ ಬೆಳಕನ್ನಷ್ಟೇ ಅಳೆಯುವಂಥದ್ದು) ಬೇಕು. ವಿವರ ಉಳಿಯಲೇಬೇಕಾದ ಅತಿ ಬೆಳ್ಳಗಿನ ಜಾಗವನ್ನು ಸ್ಪಾಟ್‌ನಲ್ಲಿ ಅಳೆದು, ಅದಕ್ಕೆ ಎರಡು ಸ್ಟಾಪ್ ಹೆಚ್ಚು ಕೊಡಿ. ಫಿಲ್ಮಿನ ನೆಗೆಟಿವ್ ಆದರೆ ಇದರ ತದ್ವಿರುದ್ಧ: ವಿವರ ಬೇಕಾದ ನೆರಳನ್ನು ಅಳೆದು ಎರಡು ಸ್ಟಾಪ್ ಕಡಿಮೆ.

ಲೆನ್ಸಿಗೆ ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಹಾಕಿದ್ದು ಕೈಮೀಟರಿಗೆ ತಿಳಿಯದು. ಒಂದೂವರೆಯಿಂದ ಎರಡು ಸ್ಟಾಪ್ ನೀವೇ ಸೇರಿಸಿ. ಮ್ಯಾಕ್ರೋದಲ್ಲಿ (ತೀರಾ ಹತ್ತಿರದ ಚಿತ್ರ) 1:1ಕ್ಕೆ, ಅಂದರೆ ಬಿಂಬ ವಸ್ತುವಿನಷ್ಟೇ ದೊಡ್ಡದಾಗುವವರೆಗೆ, ಹೋದರೂ ಸುಮಾರು ಎರಡು ಸ್ಟಾಪ್ ಹೋಗುತ್ತದೆ. ಕೆಲವು ಕ್ಯಾಮೆರಾಗಳು ಆಗ ನಿಜವಾದ ಅಪರ್ಚರನ್ನೇ ತೋರಿಸುತ್ತವೆ. ಅಲ್ಲಿ ಮತ್ತೆ ಸೇರಿಸಿದರೆ ಎರಡು ಸಲ ಲೆಕ್ಕ ಹಾಕಿದಂತೆ.

ಉತ್ತರ 6: ಹಳೇ ಮೀಟರ್ ತಗೊಳ್ಳೋರಿಗೆ ಒಂದು ಮಾತು. 1.35 ವೋಲ್ಟ್ ಪಾದರಸದ ಸೆಲ್‌ಗೆ ಮಾಡಿದ ಮೀಟರಿಗೆ 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಎಷ್ಟೋ ಮೀಟರುಗಳು ತಪ್ಪು ತೋರಿಸುತ್ತವೆ. ಸೆಲ್ ಇಳಿಯುತ್ತಾ ಹೋದಂತೆ ಆ ತಪ್ಪೂ ಬದಲಾಗುತ್ತೆ, ಹಾಗಾಗಿ ಐಎಸ್‌ಒ ತಿದ್ದಿ ಸರಿಮಾಡೋಕೆ ಆಗಲ್ಲ. ಝಿಂಕ್-ಏರ್ ಸೆಲ್ ವೋಲ್ಟೇಜು ಹತ್ತಿರ ಬರುತ್ತೆ. ಹಾಕಿದ ಮೇಲೆ ಮೋಡವಿಲ್ಲದ ಬಿಸಿಲಿನಲ್ಲಿ, ಸೂರ್ಯ ನಿಮ್ಮ ಎದುರಿಗಿರುವಂತೆ ನಿಂತು, ಡೋಮನ್ನು ಅದೇ ಕಡೆ ಹಿಡಿದು ನೋಡಿ: ಐಎಸ್‌ಒ 100, 1/125ಕ್ಕೆ ಎಫ್/16ರ ಆಸುಪಾಸು ಬರಬೇಕು. ಒಂದು ಸ್ಟಾಪಿಗಿಂತ ಹೆಚ್ಚು ಆಚೀಚೆ ಇದ್ದರೆ ಸೆಲ್ ತೆಗೆದು ಅದು ಕೂರೋ ತಗಡನ್ನು ಒರೆಸಿ. ಹಸಿರು ಕಿಲುಬು ಹಿಡಿದಿರುತ್ತೆ.