9 ಪಿನ್ನಿನ ಹಳೇ ಟಿವಿ ಗೇಮ್ ರಿಮೋಟ್: ಅಡಾಪ್ಟರ್ ಹಾಕಿದರೂ ಲ್ಯಾಪ್‌ಟಾಪಿಗೆ ಬಟನ್ ಗೊತ್ತಾಗುತ್ತಿಲ್ಲ

ಪ್ರಶ್ನೆ, ಕಾರವಾರದಿಂದ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ತೊಂಬತ್ತರ ದಶಕದ ಟಿವಿ ಗೇಮ್ ಒಂದಿದೆ, ಕ್ಯಾಸೆಟ್ ಹಾಕಿ ಆಡುವಂಥದ್ದು. ಪೆಟ್ಟಿಗೆ ಕೆಟ್ಟಿದೆ. ಎರಡು ರಿಮೋಟ್ ಮಾತ್ರ ನೋಡಲು ಚೆನ್ನಾಗಿವೆ. ಅವನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಎಮ್ಯುಲೇಟರಿನಲ್ಲಿ (ಹಳೇ ಟಿವಿ ಗೇಮಿನ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ಪ್ರೋಗ್ರಾಮ್) ಅಣ್ಣನ ಮಕ್ಕಳ ಜೊತೆ ಆಡಬೇಕು ಅಂತ ಆಸೆ.

ರಿಮೋಟಿನ ವೈರಿನ ತುದಿಯಲ್ಲಿ 9 ತೂತಿನ ಪ್ಲಗ್ ಇದೆ. ಸೆಗಾ ಕಂಪನಿಯ ಮೆಗಾ ಡ್ರೈವ್ ಅನ್ನುವ ಟಿವಿ ಗೇಮಿನ ರಿಮೋಟಿಗೆ ಅಂತ ಮಾರುವ ಯುಎಸ್‌ಬಿ ಅಡಾಪ್ಟರ್ ತರಿಸಿದೆ. ಪ್ಲಗ್ ಸರಿಯಾಗಿ ಕೂರುತ್ತದೆ. ವಿಂಡೋಸ್ ಅದನ್ನು ಗುರುತಿಸುತ್ತದೆ, ಗೇಮ್ ಕಂಟ್ರೋಲರ್ ಪಟ್ಟಿಯಲ್ಲಿ ಹೆಸರೂ ಬರುತ್ತದೆ. ಆದರೆ ಏನು ಒತ್ತಿದರೂ ಅಲುಗಾಟವಿಲ್ಲ. ಒಂದೇ ವಿಚಿತ್ರ: ಎ ಬಟನ್ ಒತ್ತಿದರೆ 'ಕೆಳಗೆ' ಒತ್ತಿದ ಹಾಗೆ ತೋರಿಸುತ್ತದೆ. ಎರಡು ರಿಮೋಟಿನಲ್ಲೂ ಹೀಗೇ. ಡ್ರೈವರ್ ತೆಗೆದು ಹಾಕಿದೆ, ಬೇರೆ ಯುಎಸ್‌ಬಿ ಪೋರ್ಟಿನಲ್ಲೂ ನೋಡಿದೆ. ಹಾಳಾಗಿರುವುದು ಅಡಾಪ್ಟರೋ, ರಿಮೋಟೋ?

ಉತ್ತರ, ಕುಮಟಾದಿಂದ

ನಮ್ಮ ಕಡೆ ಮೊದಲು ನೋಡಬೇಕಾದ್ದು ಉಪ್ಪು ಗಾಳಿ. ಪ್ಲಗ್ಗಿನೊಳಗೆ ಹಸಿರು ಕಿಲುಬು ಕಟ್ಟಿದೆಯಾ ನೋಡಿ. ಮಳೆಗಾಲ ಕಳೆದ ಮೇಲೆ ನನ್ನ ಹತ್ತಿರ ಬರುವ ರಿಮೋಟುಗಳಲ್ಲಿ ಜಾಸ್ತಿ ಇದೇ ಸಮಸ್ಯೆ.

ಉತ್ತರ, ಶಿರಸಿಯಿಂದ

ಕಿಲುಬು ಇರಬಹುದು, ಆದರೆ ಇಲ್ಲಿ ಕಾರಣ ಅದಲ್ಲ ಅನಿಸುತ್ತದೆ. ಕಿಲುಬು ಎರಡು ರಿಮೋಟಿಗೆ ಒಂದೇ ಥರ ಹಿಡಿಯುವುದಿಲ್ಲ. ಎರಡರಲ್ಲೂ ಎ ಒತ್ತಿದರೆ 'ಕೆಳಗೆ' ಬರುತ್ತದೆ ಅಂದರಲ್ಲ, ಆ ಸುಳಿವು ಬಹಳ ಒಳ್ಳೆಯದು. ನಿಮ್ಮ ಅಡಾಪ್ಟರೂ ಹಾಳಾಗಿಲ್ಲ, ರಿಮೋಟೂ ಹಾಳಾಗಿಲ್ಲ. ಪ್ಲಗ್ಗಿನ ಆಕಾರ ಒಂದೇ, ಒಳಗಿನ ವೈರಿಂಗ್ ಬೇರೆ.

ಮೆಗಾ ಡ್ರೈವ್ ರಿಮೋಟಿನಲ್ಲಿ ಒಂದೊಂದು ದಿಕ್ಕಿಗೂ ಒಂದೊಂದು ವೈರ್ ಇರುತ್ತದೆ. ಪಿನ್ 1 ಮೇಲೆ, 2 ಕೆಳಗೆ, 3 ಎಡ, 4 ಬಲ. 5ರಲ್ಲಿ 5 ವೋಲ್ಟ್, 8 ಗ್ರೌಂಡ್. 6 ಮತ್ತು 9ರಲ್ಲಿ ಎರಡೆರಡು ಬಟನ್, ಯಾವುದನ್ನು ಓದಬೇಕು ಅಂತ ಹೇಳುವುದು ಪಿನ್ 7.

ನಿಮ್ಮ ಟಿವಿ ಗೇಮ್ 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲು ಇರಬೇಕು. ಆಗ ನಮ್ಮ ಕಡೆ ಮನೆಮನೆಗೆ ಬಂದದ್ದು ಜಾಸ್ತಿ ಅಂಥವೇ. ಅದರ ರಿಮೋಟಿನಲ್ಲಿ ಎಂಟು ಬಟನ್ನಿನ ಸುದ್ದಿಯೂ ಒಂದೇ ಡೇಟಾ ವೈರಿನಲ್ಲಿ ಹೋಗುತ್ತದೆ. ಒಳಗೆ 4021 ಅನ್ನುವ ಶಿಫ್ಟ್ ರಿಜಿಸ್ಟರ್ ಚಿಪ್, ಇಲ್ಲವೇ ಅದೇ ಕೆಲಸ ಮಾಡುವ ಇನ್ನೊಂದು ಚಿಪ್ ಇರುತ್ತದೆ. ಲ್ಯಾಚ್ ವೈರಿಗೆ ವೋಲ್ಟೇಜ್ ಬಂದಾಗ ಚಿಪ್ ಎಂಟು ಬಟನ್ನಿನ ಸ್ಥಿತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಕ್ಲಾಕ್ ವೈರಿನ ಒಂದೊಂದು ಮಿಡಿತಕ್ಕೆ ಒಂದೊಂದು ಬಟನ್, ಸರದಿಯಲ್ಲಿ ನಿಂತವರು ಬಾಗಿಲು ದಾಟಿದ ಹಾಗೆ, ಹೊರಗೆ ಬರುತ್ತದೆ. ಕ್ರಮ ಇದು: ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ.

ಈ ನಕಲು ರಿಮೋಟುಗಳ 9 ಪಿನ್ ಪ್ಲಗ್ಗಿನಲ್ಲಿ ಸಾಮಾನ್ಯವಾಗಿ 2 ಡೇಟಾ, 3 ಲ್ಯಾಚ್, 4 ಕ್ಲಾಕ್, 6 ಐದು ವೋಲ್ಟ್, 8 ಗ್ರೌಂಡ್. ಈಗ ಸೆಗಾ ಪಟ್ಟಿಯ ಪಕ್ಕ ಇಟ್ಟು ನೋಡಿ. ಅಡಾಪ್ಟರ್ ಕರೆಂಟ್ ಕೊಡುವುದು ಪಿನ್ 5ಕ್ಕೆ, ನಿಮ್ಮ ರಿಮೋಟಿನಲ್ಲಿ ಅಲ್ಲಿ ವೈರೇ ಇಲ್ಲ. ಪಿನ್ 6ನ್ನು 5 ವೋಲ್ಟಿನ ಕಡೆಗೆ ಎಳೆದಿಡುವ ಅಡಾಪ್ಟರಿನ ಪುಲ್-ಅಪ್ ರೆಸಿಸ್ಟರಿನಿಂದ ಬರುವ ಚೂರು ಕರೆಂಟಿನಲ್ಲಿ ಚಿಪ್ ಹೇಗೋ ಅರೆಜೀವದಲ್ಲಿದೆ. ಪಿನ್ 3 ಕೂಡ ಪುಲ್-ಅಪ್‌ನಿಂದ ಮೇಲೇ ಇದೆ, ಅಂದರೆ ಲ್ಯಾಚ್ ಸದಾ ಒತ್ತಿ ಹಿಡಿದ ಹಾಗೆ. ಕ್ಲಾಕ್ ಮಿಡಿಯುವುದಿಲ್ಲ. ಹಾಗಾಗಿ ಸರದಿಯ ಮೊದಲ ಬಟನ್ ಎ ಮಾತ್ರ ಡೇಟಾ ವೈರಿನಲ್ಲಿ ಕಾಣುತ್ತದೆ. ಆ ವೈರ್ ಪಿನ್ 2ರಲ್ಲಿದೆ, ಸೆಗಾ ಲೆಕ್ಕದಲ್ಲಿ ಅದು 'ಕೆಳಗೆ'.

ಡ್ರೈವರ್ ಬದಲಿಸಿ ಇದನ್ನು ಸರಿ ಮಾಡಲು ಆಗುವುದಿಲ್ಲ. ಆ ಅಡಾಪ್ಟರನ್ನು ತೆಗೆದಿಡಿ, ರಿಮೋಟಿನ ಹಿಂದಿನ ಸ್ಕ್ರೂ ಬಿಚ್ಚಿ ಒಳಗೆ ಏನಿದೆ ಹೇಳಿ.

ಪ್ರಶ್ನೆ ಕೇಳಿದವರು, ಕಾರವಾರ

ಸರ್, ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ! ಬಿಚ್ಚಿ ನೋಡಿದೆ. ಕಾಲುಗಳಿರುವ ಚಿಪ್ ಇಲ್ಲ, ಕಪ್ಪು ಅಂಟಿನ ಗುಳ್ಳೆ ಇದೆ. ಐದು ವೈರ್ ಬಂದಿವೆ. ಬಣ್ಣ ನೋಡಿ ಯಾವುದು ಏನು ಅಂತ ಹೇಳಬಹುದಾ?

ಉತ್ತರ, ಶಿರಸಿಯಿಂದ

ಬಣ್ಣವನ್ನು ನಂಬಬೇಡಿ. ಒಬ್ಬೊಬ್ಬ ತಯಾರಕರು ಒಂದೊಂದು ಬಣ್ಣ ಹಾಕಿದ್ದಾರೆ. ಮಲ್ಟಿಮೀಟರನ್ನು ಬೀಪ್ ಬರುವ ಕಂಟಿನ್ಯೂಟಿಗೆ ಇಟ್ಟು, ಪ್ಲಗ್ಗಿನ ಒಂದೊಂದು ತೂತು ಬೋರ್ಡಿನಲ್ಲಿ ಎಲ್ಲಿಗೆ ಹೋಗುತ್ತದೆ ಅಂತ ಕಾಗದದ ಮೇಲೆ ಬರೆದುಕೊಳ್ಳಿ. ಈ ಕೆಲಸ ಬಿಡಬೇಡಿ. 5 ವೋಲ್ಟ್ ಮತ್ತು ಗ್ರೌಂಡ್ ಅದಲು ಬದಲಾದರೆ ಚಿಪ್ ಸುಟ್ಟುಹೋಗುತ್ತದೆ, ಗುಳ್ಳೆ ಚಿಪ್ ಬದಲಿಸಲು ಬರುವುದಿಲ್ಲ.

ಗ್ರೌಂಡ್ ಹುಡುಕುವುದು ಸುಲಭ. ನಾಲ್ಕು ದಿಕ್ಕು, ಸೆಲೆಕ್ಟ್, ಸ್ಟಾರ್ಟ್, ಎ, ಬಿ ಎಲ್ಲದರ ಒಂದು ಬದಿ ಒಂದೇ ತಾಮ್ರದ ಗೆರೆಗೆ ಸೇರುತ್ತದೆ, ಅದೇ ಗ್ರೌಂಡ್. ಟರ್ಬೊ ಬಟನ್ (ಒತ್ತಿ ಹಿಡಿದರೆ ತಾನೇ ಪಟಪಟ ಒತ್ತಿ ಬಿಡುವಂಥದ್ದು) ಇದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದರ ದಾರಿ ಬೇರೆ. ಗ್ರೌಂಡ್ ಪಿನ್ 8ಕ್ಕೆ ಬಂದು, ಉಳಿದ ನಾಲ್ಕು ವೈರ್ 2, 3, 4, 6ರಲ್ಲೇ ಇದ್ದರೆ ನಾನು ಹೇಳಿದ ಪಟ್ಟಿಯೇ ಇರಬೇಕು. ಬೇರೆ ಓದುಗರ ರಿಮೋಟಿನಲ್ಲಿ ಕಾಲಿರುವ 4021 ಇದ್ದರೆ ಇನ್ನೂ ಖಚಿತವಾಗಿ ಹೇಳಬಹುದು: ಚಿಪ್ಪಿನ 16ನೇ ಕಾಲು 5 ವೋಲ್ಟ್, 8 ಗ್ರೌಂಡ್, 9 ಲ್ಯಾಚ್, 10 ಕ್ಲಾಕ್, 3 ಡೇಟಾ.

ಇನ್ನು ಅಡಾಪ್ಟರ್. ಆರ್ಡುಯಿನೊ ಅಂದರೆ ನಾವೇ ಪ್ರೋಗ್ರಾಮ್ ಹಾಕಬಹುದಾದ ಚಿಕ್ಕ ಬೋರ್ಡ್. ಅದರಲ್ಲಿ ಪ್ರೊ ಮೈಕ್ರೊ ಅಥವಾ ಲಿಯೊನಾರ್ಡೊ ತಗೊಳ್ಳಿ. ಎರಡರಲ್ಲೂ ಎಟಿಮೆಗಾ32ಯು4 ಚಿಪ್ ಇದೆ, ಅದು ಕಂಪ್ಯೂಟರಿಗೆ ನೇರವಾಗಿ ತಾನು ಜಾಯ್‌ಸ್ಟಿಕ್ ಅಂತ ಹೇಳಿಕೊಳ್ಳಬಲ್ಲದು. ಊನೊ ಅನ್ನುವ ಬೋರ್ಡ್ ಬೇಡ, ಅದರಲ್ಲಿ ಈ ಕೆಲಸ ಸರಾಗವಿಲ್ಲ. ಪ್ರೊ ಮೈಕ್ರೊದಲ್ಲಿ 5 ವೋಲ್ಟಿನದು, 3.3 ವೋಲ್ಟಿನದು ಎರಡು ಬಗೆ ಇವೆ. ನಿಮಗೆ ಬೇಕಾದ್ದು 5 ವೋಲ್ಟಿನದು. ಬರೀ ಚಾರ್ಜಿಂಗಿಗೆ ಅಂತ ಬರುವ ಯುಎಸ್‌ಬಿ ಕೇಬಲ್ ನಡೆಯುವುದಿಲ್ಲ, ಡೇಟಾ ವೈರ್ ಇರುವುದೇ ಬೇಕು.

ರಿಮೋಟಿನ ವೈರ್ ಕತ್ತರಿಸಬೇಡಿ, ದಯವಿಟ್ಟು. ಎಂದಾದರೂ ಪೆಟ್ಟಿಗೆ ರಿಪೇರಿಯಾದರೆ ಮತ್ತೆ ಬೇಕಾಗುತ್ತದೆ. ಹಳೇ ಕಂಪ್ಯೂಟರಿನ ಹಿಂದೆ ಸೀರಿಯಲ್ ಪೋರ್ಟ್ ಅಂತ 9 ಕಡ್ಡಿಯ ಕನೆಕ್ಟರ್ ಇರುತ್ತಿತ್ತಲ್ಲ, ಅಂಥದ್ದು ಗುಜರಿ ಮದರ್‌ಬೋರ್ಡಿನಿಂದ ಸಿಕ್ಕರೂ ಸಾಕು. ಹೊಸದು ಡಿಬಿ-9 ಮೇಲ್ ಅಂತ ಕೇಳಿದರೆ ಹುಬ್ಬಳ್ಳಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಚಾಲೂ ಇರುವ ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ರಿಮೋಟನ್ನು ಯಾವತ್ತೂ ಚುಚ್ಚಬೇಡಿ. ಅಲ್ಲಿ 12 ವೋಲ್ಟಿನವರೆಗೂ, ಮೈನಸ್ ಕಡೆಗೂ, ವೋಲ್ಟೇಜ್ ಇರುತ್ತದೆ.

ಕನೆಕ್ಟರಿನ 6ರಿಂದ ಬೋರ್ಡಿನ ವಿಸಿಸಿಗೆ (5 ವೋಲ್ಟ್ ಕೊಡುವ ಪಿನ್), 8ರಿಂದ ಗ್ರೌಂಡಿಗೆ, 3ರಿಂದ ಬೋರ್ಡಿನ 2ಕ್ಕೆ, 4ರಿಂದ ಬೋರ್ಡಿನ 3ಕ್ಕೆ, 2ರಿಂದ ಎ0ಗೆ ಬೆಸುಗೆ ಹಾಕಿ. ಪ್ರೋಗ್ರಾಮಿನಲ್ಲಿ ಲ್ಯಾಚನ್ನು 12 ಮೈಕ್ರೊಸೆಕೆಂಡ್ ಮೇಲೆತ್ತಿ ಇಳಿಸಬೇಕು, ಮೊದಲ ಬಟನ್ ಓದಬೇಕು, ಆಮೇಲೆ ಕ್ಲಾಕ್ ಮಿಡಿಸುತ್ತ ಉಳಿದ ಏಳು. ಒತ್ತಿದ ಬಟನ್ ಸೊನ್ನೆ, ಬಿಟ್ಟದ್ದು ಒಂದು. ಎ0ಗೆ ಒಳಗಿನ ಪುಲ್-ಅಪ್ ಚಾಲೂ ಮಾಡಿ. ಆಗ ರಿಮೋಟ್ ತೆಗೆದರೂ ಸುಳ್ಳು ಬಟನ್ ಬರುವುದಿಲ್ಲ.

ಪ್ರಶ್ನೆ ಕೇಳಿದವರು, ಕಾರವಾರ

ಜೀವ ಬಂತು ಸರ್! ಪಿನ್ನುಗಳು ನೀವು ಹೇಳಿದ ಹಾಗೇ ಇದ್ದವು. ದಿಕ್ಕುಗಳು ಸರಿಯಾಗಿವೆ. ಪ್ರೋಗ್ರಾಮ್ ಮಾತ್ರ ಸೂಪರ್ ನಿಂಟೆಂಡೊಗೆ ಬರೆದದ್ದು ಸಿಕ್ಕಿತು, ಅದನ್ನೇ ಹಾಕಿದೆ. ಈಗ ಎರಡು ತೊಂದರೆ ಉಳಿದಿವೆ. ಎ, ಎಕ್ಸ್, ಎಲ್, ಆರ್ ನಾಲ್ಕೂ ಸದಾ ಒತ್ತಿದ ಹಾಗೇ ಇವೆ. ಮತ್ತೆ ಒಂದು ರಿಮೋಟಿನಲ್ಲಿ ಯಾರೂ ಮುಟ್ಟದಿದ್ದರೂ ಒಂದು ಬಟನ್ ಪಟಪಟ ಅಂತ ಒತ್ತಿ ಬಿಟ್ಟು ಆಗುತ್ತದೆ.

ಉತ್ತರ, ಶಿರಸಿಯಿಂದ

ಮೊದಲನೆಯದು ತೊಂದರೆಯೇ ಅಲ್ಲ. ಸೂಪರ್ ನಿಂಟೆಂಡೊ ರಿಮೋಟಿನಲ್ಲಿ 12 ಬಟನ್, ನಿಮ್ಮದರಲ್ಲಿ ಎಂಟು. ಎಂಟು ಮುಗಿದ ಮೇಲೂ ಕ್ಲಾಕ್ ಮಿಡಿಸಿದರೆ ಈ ರಿಮೋಟುಗಳು ಸಾಮಾನ್ಯವಾಗಿ ಸೊನ್ನೆಯನ್ನೇ ಕೊಡುತ್ತ ಹೋಗುತ್ತವೆ, ಸೊನ್ನೆ ಅಂದರೆ ಒತ್ತಿದೆ ಅಂತ ಅರ್ಥ. 9ರಿಂದ 12ನೇ ಸ್ಥಾನದಲ್ಲಿರುವುದು ಎ, ಎಕ್ಸ್, ಎಲ್, ಆರ್. ಓದುವ ಲೆಕ್ಕವನ್ನು ಎಂಟಕ್ಕೆ ಇಳಿಸಿ, ಹೋಗುತ್ತದೆ. ಮೊದಲ ಎರಡು ಬಟನ್ನಿನ ಹೆಸರು ಬಿ, ವೈ ಅಂತ ಬರುತ್ತಿರುತ್ತದೆ, ಅವನ್ನು ಎ, ಬಿ ಅಂತ ಬದಲಿಸಿ.

ಎರಡನೆಯದಕ್ಕೆ ಕುಮಟಾದವರನ್ನೇ ಕೇಳಬೇಕು. ಪಟಪಟ ಅಂದರೆ ಟರ್ಬೊ ಬಟನ್.

ಉತ್ತರ, ಕುಮಟಾದಿಂದ

ಹೌದು, ಇದು ಕಡಲ ಕಡೆಯ ಕಾಯಿಲೆಯೇ ಮಾರಾಯ್ರೆ! ಟರ್ಬೊ ಬಟನ್ನಿನ ಕೆಳಗೆ ಎರಡು ಕರೀ ಪಟ್ಟಿ ಹತ್ತಿರ ಹತ್ತಿರ ಇರುತ್ತವೆ. ನಡುವೆ ಉಪ್ಪಿನ ಪೊರೆ ಕೂತು, ಮಳೆಗಾಲದ ತೇವ ಸೇರಿದರೆ ಕರೆಂಟ್ ಹರಿಯುತ್ತದೆ. ಎಲ್ಲರೂ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ ಅನ್ನುತ್ತಾರೆ. ಆದರೆ ಉಪ್ಪು ಅದರಲ್ಲಿ ಸರಿಯಾಗಿ ಕರಗುವುದಿಲ್ಲ. ಮೊದಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಹತ್ತಿ ಕಡ್ಡಿ ಅದ್ದಿ ಒರೆಸಿ. ಆಮೇಲೆ ಆಲ್ಕೊಹಾಲ್, ಅದು ನೀರನ್ನು ಓಡಿಸುತ್ತದೆ. ಪೂರ್ತಿ ಒಣಗಿದ ಮೇಲೇ ಮುಚ್ಚಿ. ಉಜ್ಜು ಕಾಗದ ಮಾತ್ರ ಮುಟ್ಟಿಸಬೇಡಿ, ಕರೀ ಲೇಪ ಹೋದರೆ ಬಟನ್ ಸತ್ತ ಹಾಗೇ. ಪೆಟ್ರೋಲ್, ಥಿನ್ನರ್ ಕೂಡ ಬೇಡ, ಪ್ಲಾಸ್ಟಿಕ್ ಹಾಳಾಗುತ್ತದೆ.

ಪ್ರಶ್ನೆ, ಹೊನ್ನಾವರದಿಂದ

ನಡುವೆ ಬಾಯಿ ಹಾಕಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಅದೇ ಥರದ ಸೆಟ್ಟಿನ ಬಂದೂಕೂ ನನ್ನ ಹತ್ತಿರ ಇದೆ, ಬಾತುಕೋಳಿ ಹೊಡೆಯುವ ಆಟದ್ದು. ಅದನ್ನೂ ಹೀಗೆ ಜೋಡಿಸಬಹುದಾ? ಮತ್ತೆ, ಎರಡು ರಿಮೋಟಿಗೆ ಎರಡು ಬೋರ್ಡ್ ಬೇಕಾ?

ಉತ್ತರ, ಶಿರಸಿಯಿಂದ

ಬಂದೂಕು ಆಗುವುದಿಲ್ಲ. ಅದು ಹಳೇ ಪಿಕ್ಚರ್ ಟ್ಯೂಬ್ ಟಿವಿಯ ಬೆಳಕು ಯಾವ ಕ್ಷಣದಲ್ಲಿ, ಹೇಗೆ ಬರುತ್ತದೆ ಅನ್ನುವುದರ ಮೇಲೆ ನಿಂತಿದೆ. ಈಗಿನ ಎಲ್‌ಸಿಡಿ ಪರದೆಯಲ್ಲಿ ಆ ಬೆಳಕು ಅದಕ್ಕೆ ಸಿಗುವುದಿಲ್ಲ. ಟ್ಯೂಬ್ ಟಿವಿಯೂ ಪೆಟ್ಟಿಗೆಯೂ ಇದ್ದರೆ ಎಸೆಯದೆ ಇಟ್ಟುಕೊಳ್ಳಿ, ಬಂದೂಕಿನ ನಿಜವಾದ ಜಾಗ ಅದೇ.

ಎರಡು ರಿಮೋಟಿಗೆ ಒಂದೇ ಬೋರ್ಡ್ ಸಾಕು. ವಿಸಿಸಿ, ಗ್ರೌಂಡ್, ಲ್ಯಾಚ್, ಕ್ಲಾಕ್ ನಾಲ್ಕೂ ಎರಡಕ್ಕೂ ಸೇರಿಯೇ ಇರಲಿ, ಡೇಟಾ ಮಾತ್ರ ಬೇರೆ: ಒಂದರದ್ದು ಎ0, ಇನ್ನೊಂದರದ್ದು ಎ1. ಪ್ರೋಗ್ರಾಮಿನಲ್ಲಿ ಎರಡು ಜಾಯ್‌ಸ್ಟಿಕ್ ಅಂತ ಘೋಷಿಸಿದರೆ ವಿಂಡೋಸಿನಲ್ಲಿ ಎರಡಾಗಿ ಕಾಣುತ್ತವೆ, ಎಮ್ಯುಲೇಟರಿನಲ್ಲಿ ಒಂದನೇ ಆಟಗಾರ, ಎರಡನೇ ಆಟಗಾರ ಅಂತ ಕೂರಿಸಬಹುದು. ಹೊಸ ಆಟಗಳಲ್ಲಿ ಮಾತ್ರ ಈ ರಿಮೋಟ್ ಕಾಣದೆ ಹೋಗಬಹುದು. ಅವುಗಳಲ್ಲಿ ತುಂಬಾ ಆಟಗಳು ಎಕ್ಸ್‌ಬಾಕ್ಸ್ ಕಂಟ್ರೋಲರಿನ ಎಕ್ಸ್‌ಇನ್‌ಪುಟ್ ಪದ್ಧತಿಯನ್ನೇ ನೋಡುತ್ತವೆ. ಸ್ಟೀಮ್ ಅನ್ನುವ ಕಂಪ್ಯೂಟರ್ ಆಟಗಳ ಆ್ಯಪ್‌ನಲ್ಲಿ ಆಡುವುದಾದರೆ ಅದರ ಕಂಟ್ರೋಲರ್ ಸೆಟ್ಟಿಂಗಿನಲ್ಲಿ ಈ ರಿಮೋಟಿನ ಬಟನ್ನುಗಳನ್ನು ಒಂದೊಂದಾಗಿ ಹೊಂದಿಸಿಕೊಳ್ಳಿ.

ಪ್ರಶ್ನೆ ಕೇಳಿದವರು, ಕಾರವಾರ

ಲೆಕ್ಕ ಎಂಟಕ್ಕೆ ಇಳಿಸಿದೆ, ನಾಲ್ಕು ಸುಳ್ಳು ಬಟನ್ನೂ ಹೋದವು. ಟರ್ಬೊ ಪಟ್ಟಿಯನ್ನು ಮೊದಲು ನೀರು, ಆಮೇಲೆ ಆಲ್ಕೊಹಾಲಿನಲ್ಲಿ ಒರೆಸಿದ ಮೇಲೆ ಪಟಪಟ ನಿಂತಿದೆ. ಎರಡನೇ ರಿಮೋಟನ್ನು ಎ1ಗೆ ಹಾಕಿದ್ದೇನೆ, ಎರಡೂ ಬೇರೆ ಬೇರೆ ಕಾಣುತ್ತಿವೆ. ಸೆಗಾ ಅಡಾಪ್ಟರ್ ಹಾಗೇ ಇದೆ. ಈ ಕಡೆ ಯಾರ ಹತ್ತಿರವಾದರೂ ನಿಜವಾದ ಮೆಗಾ ಡ್ರೈವ್ ರಿಮೋಟ್ ಇದ್ದರೆ ಹೇಳಿ, ಕೊಟ್ಟುಬಿಡುತ್ತೇನೆ.